ಗ್ರೀಕ್ ಬಂತು, ಕಾಣಿಕೆ ಲೆಕ್ಕ ಬರಲಿಲ್ಲ

ಕೇಳುಗರಿಗೆ ನಮಸ್ಕಾರ.

ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಕ್ರೈಸ್ತ ಸಭೆ ಇದೆ. ಹೋದ ವರ್ಷ ಸೆಮಿನರಿಯಿಂದ, ಅಂದರೆ ಪಾದ್ರಿಗಳಾಗುವವರು ಓದುವ ಶಾಲೆಯಿಂದ, ಒಬ್ಬ ಹುಡುಗ ತರಬೇತಿಗೆ ಬಂದಿದ್ದ. ಕಲಬುರಗಿ ಕಡೆಯವನು. ಪ್ರಸಂಗ ಚೆನ್ನಾಗಿ ಮಾಡಿದ. ಬೈಬಲಿನ ಒಂದು ಗ್ರೀಕ್ ಪದ ಹಿಡಿದು ಅದರ ಅರ್ಥ ಬಿಡಿಸಿಟ್ಟ. ಅಜ್ಜಿಯರೂ ತಲೆದೂಗಿದರು. ಆಮೇಲೆ ಕಾಣಿಕೆ ಎಣಿಸಿದೆವು. ಖಜಾಂಚಿಯವರು ಲೆಕ್ಕದ ಪುಸ್ತಕ ಅವನ ಮುಂದಿಟ್ಟು, "ಸ್ವಲ್ಪ ನೋಡ್ರಿ ಅಯ್ಯನೋರೇ" ಅಂದರು. ಕಟ್ಟಡ ನಿಧಿಯ ದುಡ್ಡಿನಲ್ಲಿ ಕರೆಂಟ್ ಬಿಲ್ ಕಟ್ಟಿದ್ದು ಅಲ್ಲೇ ಬರೆದಿತ್ತು. ಹುಡುಗ ಕೂಡಿಸಿ ನೋಡಿದ. ಮೊತ್ತ ತಾಳೆಯಾಯಿತು. "ಸರಿ ಇದೆ" ಅಂದುಬಿಟ್ಟ.

ಕಟ್ಟಡಕ್ಕೆಂದು ಕೊಟ್ಟ ದುಡ್ಡು ಬಿಲ್ಲಿಗೆ ಹೋಯಿತಲ್ಲ ಅಂತ ಮುಂದಿನ ಕಮಿಟಿಯಲ್ಲಿ ದೊಡ್ಡ ಜಗಳ. ಪಾಪ, ಅವನು ಮೂಲೆಯಲ್ಲಿ ಕೂತು ಬೆವರುತ್ತಿದ್ದ.

ಅವನನ್ನು ಬೈದು ಏನು ಮಾಡೋಣ? ಸೆಮಿನರಿಯಲ್ಲಿ ಪಾಠ ಮಾಡುವವನು ನಾನೇ. ಗ್ರೀಕ್ ಕಲಿಸಿದ್ದೂ ನಾವೇ, ಲೆಕ್ಕ ಕಲಿಸದೆ ಬಿಟ್ಟಿದ್ದೂ ನಾವೇ. ಸಭೆ ನಡೆಸುವುದನ್ನು ಪಾಠಪಟ್ಟಿಗೆ ಸೇರಿಸೋಣ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಗಾದರೆ ಯಾವ ವಿಷಯದ ಗಂಟೆ ಕಡಿಮೆ ಮಾಡೋಣ ಅಂದಾಗ ಸ್ಟಾಫ್ ರೂಮು ತಣ್ಣಗಾಗುತ್ತದೆ. ನನ್ನ ಹೀಬ್ರೂ ಗಂಟೆ ಕೇಳಿದಾಗ ನಾನೂ ಸುಮ್ನಿರಲಿಲ್ಲ ಅನ್ನಿ.

ಕ್ಯಾಥೊಲಿಕರ ಪೇಪಲ್ ಸೆಮಿನರಿ 1955ರಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಪುಣೆಗೆ ಬಂತು. ಯೂನಿಯನ್ ಬಿಬ್ಲಿಕಲ್ ಸೆಮಿನರಿ 1983ರಲ್ಲಿ ಯವತ್ಮಾಳ ಬಿಟ್ಟು ಇಲ್ಲಿಗೆ ಬಂತು. ಇಡೀ ಸೆಮಿನರಿಯೇ ಗಂಟುಮೂಟೆ ಕಟ್ಟಬಹುದು. ಪಾಠಪಟ್ಟಿಯ ಒಂದು ಸಾಲು ಕದಲಿಸುವುದೇ ಕಷ್ಟ.

ನನಗೆ ನೆನಪಾಗುವುದು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಪುಣೆ ಹತ್ತಿರದ ಕೇಡಗಾವ್‌ನಲ್ಲಿ ಅವರು ಕಟ್ಟಿದ 'ಮುಕ್ತಿ' ಎಂಬ ಆಶ್ರಯಧಾಮದಲ್ಲಿ ವಿಧವೆಯರಿದ್ದರು, ಬರಗಾಲದಲ್ಲಿ ದಿಕ್ಕು ತಪ್ಪಿದ ಹೆಣ್ಣುಮಕ್ಕಳಿದ್ದರು. ಓದಿನ ಜೊತೆ ನೇಯ್ಗೆ, ಮುದ್ರಣದಂಥ ಕೆಲಸಗಳನ್ನೂ ಕಲಿಸಿದರು. ತಾವೇ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಅದರ ಅಚ್ಚಿನ ಮೊಳೆ ಜೋಡಿಸಿದ್ದು ಅಲ್ಲಿನ ಹೆಣ್ಣುಮಕ್ಕಳೇ. ಗ್ರೀಕ್ ಒಂದು ಕಡೆ, ಕೈಕೆಲಸ ಇನ್ನೊಂದು ಕಡೆ ಅಂತ ಅವರು ಗೆರೆ ಎಳೆಯಲಿಲ್ಲ. ಯಾರು ಎದುರಿಗಿದ್ದಾರೆ ಅಂತ ನೋಡಿ ಪಾಠ ಕಟ್ಟಿದರು. ನಾವು ಪಾಠ ಕಟ್ಟಿಟ್ಟು ಆಮೇಲೆ ಜನರನ್ನು ಹುಡುಕುತ್ತೇವೆ, ಅಲ್ವಾ?

ಈ ವರ್ಷ ಒಂದು ಸಣ್ಣ ಪ್ರಯೋಗ ಶುರು ಮಾಡಿದ್ದೇವೆ. ಕೊನೆ ವರ್ಷದವರು ಆರು ತಿಂಗಳು ಒಂದು ಸಭೆಯ ಕಮಿಟಿಯಲ್ಲಿ ಕೂರಬೇಕು. ಮಾತಾಡುವ ಹಾಗಿಲ್ಲ, ನಡಾವಳಿ ಬರೆಯಬೇಕು. ಅಂಕ ಕೊಡುವವರು ಸಭೆಯ ಹಿರಿಯರು. ನಮ್ಮ ಖಜಾಂಚಿಯವರು ಮೊದಲು ಬಂದ ಹುಡುಗಿಗೆ 10ಕ್ಕೆ 4 ಕೊಟ್ಟರು. ಯಾಕೆ ಇಷ್ಟು ಕಡಿಮೆ ಅಂತ ಕೇಳಿದೆ.

"ಅಕ್ಷರ ಮುತ್ತಿನಂಗದ ಸರ್. ಆದ್ರ ಜಗಳ ಆಗಿದ್ದೇ ಬರ್ದಿಲ್ಲ" ಅಂದರು.