ಬೆಳಿಗ್ಗೆ ಎಬ್ಬಿಸೋರು ಯಾರು?

(ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆ, ದಕ್ಷಿಣ ಕೊಡಗಿನ ಒಂದು ಪಂಚಾಯ್ತಿ ಸಭಾಂಗಣದಲ್ಲಿ ಮಾತಾಡಿದ್ದು)

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರೇ, ಪಿಡಿಒ ಸಾರ್, ಸದಸ್ಯರೇ, ಆಶಾ ಅಕ್ಕಂದಿರೇ, ಅರೇಬಿಕಾ ಕೊಯ್ಲು ಬಿಟ್ಟು ಬಂದಿರೋ ಎಲ್ಲರೇ, ಕೈಯಿಂದ ಬಾಡಿಗೆ ಕೊಟ್ಟು ಜೀಪು ಮಾಡ್ಕೊಂಡು ಬಂದಿರೋ ನಮ್ಮ ವಿಕಲಚೇತನ ಅಣ್ಣ ಅಕ್ಕಂದಿರೇ. ನಾನಿವತ್ತು ಮಾತಾಡೋಕೆ ಬಂದಿರೋದು ಇಲ್ಲಿ ಬರೋಕೇ ಆಗದೇ ಇರೋರ ಬಗ್ಗೆ. ಅವರು ಈಗ ತೋಟದ ಕೂಲಿಯೋರ ಲೈನ್‌ಮನೇಲಿ, ಪೈಸಾರಿ ಅಂತೀವಲ್ಲ ಆ ಸರ್ಕಾರಿ ಜಾಗದ ಮನೇಲಿ, ಬುಡಕಟ್ಟು ಜನರ ಹಾಡೀಲಿ, ಕೊಡವ ಮನೆತನಗಳ ದೊಡ್ಡ ದೊಡ್ಡ ಐನ್‌ಮನೆಗಳಲ್ಲೂ ಕೂಡ ಒಳಗಿನ ರೂಮಲ್ಲಿ ಮಲಗಿದ್ದಾರೆ. ಮಕ್ಕಳಲ್ಲ, ದೊಡ್ಡೋರು. ಮಕ್ಕಳಿಗಾದ್ರೆ ಶಾಲೆ ಇದೆ, ಅಂಗನವಾಡಿ ಇದೆ, ಟೀಚರಮ್ಮ ಆದ್ರೂ ಕೇಳ್ತಾರೆ. ಮೂವತ್ತೈದು ನಲವತ್ತು ವರ್ಷದೋರು ಬಿದ್ದು ಬೆನ್ನು ಮುರ್ಕೊಂಡ್ರೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನಕ್ಕೆ ಎಲ್ಲಾ ಮುಗೀತು, ಆಮೇಲೆ ಅದು ಹೆಂಡ್ತಿ ಪಾಡು, ತಾಯಿ ಪಾಡು.

ನಮ್ಮ ಜಿಲ್ಲೇಲಿ ಜನ ಹೇಗೆ ಬೀಳ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ. ಸಿಲ್ವರ್ ಮರಕ್ಕೆ ಏಣಿ ಇಟ್ಟು ಮೆಣಸು ಕುಯ್ಯೋವಾಗ, ಮಳೆಗಾಲಕ್ಕೆ ಮುಂಚೆ ಮರ ಕಪಾತು ಮಾಡೋವಾಗ, ಅಂದ್ರೆ ಕೊಂಬೆ ಕಡಿಯೋವಾಗ. ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿದ್ರೆ ಜೀವ ಹೋಗುತ್ತೆ, ಉಳಿದ್ರೆ ಕೈಯೋ ಕಾಲೋ ಹೋಗುತ್ತೆ. ಆನೆ ತುಳಿದು ಬದುಕಿ ಉಳಿದೋರಿದ್ದಾರೆ. ಪರಿಹಾರದ ಚೆಕ್ ಕೊಡೋವಾಗ ಪೇಪರಲ್ಲಿ ಫೋಟೋ ಬರುತ್ತೆ, ಮಾರನೇ ದಿನದಿಂದ ಆ ಮನೆ ಕಡೆ ಹೋಗೋರಿಲ್ಲ.

ಸಿದ್ದಾಪುರ ಕಡೆಯ ಒಬ್ರ ಕಥೆ ಹೇಳ್ತೀನಿ, ಹೆಸರು ಬೇಡ. ಮೆಣಸು ಕುಯ್ಯೋವಾಗ ಬಿದ್ರು, ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ಮೈಸೂರಲ್ಲಿ ಆಪರೇಷನ್ ಆಯ್ತು, ಆಪರೇಷನ್ ಚೆನ್ನಾಗೇ ಮಾಡಿದ್ರು. ಮನೆಗೆ ಕಳಿಸೋವಾಗ ಡಾಕ್ಟ್ರು ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಿ ಅಂತ ಹೇಳಿ ಕಳ್ಸಿದ್ರು. ಯೋಚ್ನೆ ಮಾಡಿ, ಎರಡು ಗಂಟೆಗೊಂದು ಸಲ ಅಂದ್ರೆ ರಾತ್ರೀನೂ ಸೇರಿ. ಹೆಂಡ್ತಿ ಬೆಳಿಗ್ಗೆ ಏಳೂವರೆಗೆ ತೋಟದಲ್ಲಿ ಹಾಜರಿ ಹಾಕ್ಬೇಕು, ಇಲ್ದಿದ್ರೆ ಆ ದಿನದ ಕೂಲಿ ಇಲ್ಲ. ಒಂಬತ್ತನೇ ಕ್ಲಾಸಿನ ಮಗಳು ರಾತ್ರಿ ಅಲಾರಂ ಇಟ್ಕೊಂಡು ಎದ್ದು ಅಪ್ಪನ್ನ ತಿರುಗಿಸ್ತಿದ್ಲು, ಬೆಳಿಗ್ಗೆ ಕ್ಲಾಸಲ್ಲಿ ನಿದ್ದೆ. ಹಗಲು ತಿರುಗಿಸೋರಿಲ್ಲ. ನಾನು ಮೊದಲನೇ ಸಲ ಹೋದಾಗ ಬೆನ್ನಿನ ಬುಡದಲ್ಲಿ ಹುಣ್ಣು ನಿಂಬೆಹಣ್ಣಷ್ಟಿತ್ತು, ಮೂಳೆ ಮುಟ್ಟೋಕೆ ಸ್ವಲ್ಪ ಬಾಕಿ. ಅವರಿಗೆ ನೋವೇ ಗೊತ್ತಾಗಲ್ಲ, ಅದೇ ಅಪಾಯ. ವಾಸನೆಯಿಂದ ಗೊತ್ತಾಗಿದ್ದು.

ಅವರಿಗೆ ವೀಲ್‌ಚೇರ್ ಸಿಕ್ಕಿತ್ತು, ಇಲ್ಲ ಅಂತ ಹೇಳಲ್ಲ. ಕ್ಯಾಂಪ್‌ನಲ್ಲಿ ಅಳತೆ ತಗೊಂಡು ಕೊಟ್ಟಿದ್ರು, ಒಳ್ಳೇ ವೀಲ್‌ಚೇರೇ. ಆದ್ರೆ ಲೈನ್‌ಮನೆ ರಸ್ತೆಯಿಂದ ಕೆಳಗೆ, ಮಣ್ಣಿನ ಮೆಟ್ಟಿಲು, ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ. ವೀಲ್‌ಚೇರು ಮೇಲೆ ಅಂಗಡಿ ಜಗಲೀಲಿ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿತ್ತು. ಅವರು ನಗ್ತಾ ಹೇಳಿದ್ರು, ಅಕ್ಕಾ ಅದು ಮೇಲಿದೆ, ನಾನು ಕೆಳಗಿದ್ದೀನಿ, ಇಬ್ರೂ ಆಗಾಗ ಕ್ಷೇಮ ಸಮಾಚಾರ ಕೇಳ್ಕೊಳ್ತೀವಿ ಅಂತ. ಆ ಮನುಷ್ಯನ ಬಾಯಿ ಆ ಹಾಸಿಗೇಲೂ ಸುಮ್ನಿರಲ್ಲ, ನಾನು ಹೋದ್ರೆ ಮೊದಲು ಕೊಡವ ಮನೆತನಗಳ ಹಾಕಿ ಮ್ಯಾಚಲ್ಲಿ ಯಾವ ಮನೆತನ ಗೆಲ್ತು ಅಂತ ಕೇಳೋರು, ಹುಣ್ಣಿನ ವಿಷಯ ಆಮೇಲೆ.

ಬದಲಾವಣೆ ಬಂದಿದ್ದು ಹೇಗೆ ಅಂದ್ರೆ, ಅದೇ ಲೈನಲ್ಲಿ ಒಬ್ರು ಅಮ್ಮ ಇದ್ರು, ಮಂಡಿ ನೋವು, ಗುಡ್ಡ ಹತ್ತಿ ಕುಯ್ಯೋಕೆ ಆಗ್ತಿರಲಿಲ್ಲ. ಅವರಿಗೆ ಕಲಿಸಿದ್ವಿ. ಮಗ್ಗುಲು ತಿರುಗಿಸೋದು, ಬೆನ್ನು ಬಗ್ಗಿಸದೆ ಎತ್ತೋದು, ಮೂತ್ರದ ಚೀಲ ಯಾವಾಗ್ಲೂ ಸೊಂಟಕ್ಕಿಂತ ಕೆಳಗೇ ಇರೋ ಹಾಗೆ ಕಟ್ಟೋದು, ದಿನಾ ಚರ್ಮ ನೋಡೋದು. ಚರ್ಮ ಕೆಂಪಾಗಿದ್ರೆ ಬೆರಳಲ್ಲಿ ಒತ್ತಿ ಬಿಡಿ, ಒತ್ತಿದ ಜಾಗ ಬೆಳ್ಳಗಾಗದೆ ಕೆಂಪಾಗೇ ಇದ್ರೆ ಹುಣ್ಣು ಶುರುವಾಗ್ತಿದೆ ಅಂತ, ಆ ಭಾಗಕ್ಕೆ ಭಾರ ಬೀಳ್ಬಾರ್ದು. ಕಪ್ಪು ಚರ್ಮದಲ್ಲಿ ಕೆಂಪು ಕಾಣಲ್ಲ, ಅದಕ್ಕೆ ಕೈ ಇಟ್ಟು ಬಿಸಿ ಇದೆಯಾ ಗಟ್ಟಿ ಇದೆಯಾ ನೋಡ್ಬೇಕು, ಅದನ್ನ ಆ ಅಮ್ಮ ನನಗಿಂತ ಚೆನ್ನಾಗಿ ಕಲಿತ್ರು. ಬೆಳಿಗ್ಗೆ ಬಂದು ಸ್ನಾನ ಮಾಡ್ಸೋರು, ಮಧ್ಯೆ ಮಧ್ಯೆ ಬಂದು ತಿರುಗಿಸೋರು, ಸಂಜೆ ಮತ್ತೆ. ತೋಟದ ಓನರ್ ಸ್ವಲ್ಪ, ಸ್ತ್ರೀಶಕ್ತಿ ಸಂಘದೋರು ಸ್ವಲ್ಪ ಸೇರಿ ಅವರಿಗೆ ತಿಂಗಳಿಗಿಷ್ಟು ಅಂತ ಕೊಟ್ರು. ಹೆಂಡ್ತಿ ಕೆಲಸಕ್ಕೆ ವಾಪಸ್ ಹೋದ್ರು, ಮಗಳು ನಿದ್ದೆ ಮಾಡಿದ್ಲು. ಹುಣ್ಣು ವಾಸಿಯಾಗೋಕೆ ತಿಂಗಳುಗಟ್ಟಲೆ ಹಿಡೀತು, ಆದ್ರೆ ವಾಸಿಯಾಯ್ತು. ಆಮೇಲೆ ಓನರು ರಸ್ತೆ ಪಕ್ಕದ ತೋಟದ ಗುಮಾಸ್ತರ ಹಳೇ ಮನೆ, ರೈಟರ್ ಕ್ವಾರ್ಟರ್ಸ್, ಬಿಟ್ಕೊಟ್ರು, ಆಗ ವೀಲ್‌ಚೇರು ಉಪಯೋಗಕ್ಕೆ ಬಂತು. ಮೊದಲು ಜನ, ಆಮೇಲೆ ಸಾಮಾನು. ಇದನ್ನೇ ನಾನು ಹೋದಲ್ಲೆಲ್ಲಾ ಹೇಳೋದು, ಇವತ್ತೂ ಹೇಳ್ತೀನಿ: ಬೆಳಿಗ್ಗೆ ಅವರನ್ನ ಹಾಸಿಗೆಯಿಂದ ಎಬ್ಬಿಸೋರು ಯಾರು ಅನ್ನೋದು ಮೊದಲ ಪ್ರಶ್ನೆ.

ಕಾನೂನಲ್ಲಿ ಇದಕ್ಕೆ ಜಾಗ ಇಲ್ವಾ ಅಂದ್ರೆ, ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದು. ಎಲ್ರಿಗೂ 21 ಬಗೆ ವೈಕಲ್ಯ ಅನ್ನೋದು ಗೊತ್ತು, ಶೇ. 40 ಸರ್ಟಿಫಿಕೇಟು ಗೊತ್ತು. ಐದನೇ ಸೆಕ್ಷನ್ ಯಾರೂ ಓದಲ್ಲ. ವಿಕಲಚೇತನರು ಊರಲ್ಲೇ, ಸಮುದಾಯದ ಮಧ್ಯೆಯೇ ಬದುಕ್ಬೇಕು, ಅದಕ್ಕೆ ಮನೆಗೇ ಬಂದು ಕೊಡೋ ಸೇವೆ, ವೈಯಕ್ತಿಕ ಸಹಾಯಕರು ಸಿಗೋ ಹಾಗೆ ಸರ್ಕಾರ ಪ್ರಯತ್ನ ಮಾಡ್ಬೇಕು ಅಂತ ಅದರಲ್ಲಿದೆ. 24ನೇ ಸೆಕ್ಷನ್‌ನಲ್ಲಿ ಆರೈಕೆದಾರರ ಭತ್ಯೆ ಅನ್ನೋ ಮಾತೇ ಇದೆ. 38ನೇ ಸೆಕ್ಷನ್ ಪ್ರಕಾರ ನನಗೆ ಹೆಚ್ಚಿನ ಬೆಂಬಲ ಬೇಕು ಅಂತ ಅರ್ಜಿ ಹಾಕ್ಬಹುದು, ಮೌಲ್ಯಮಾಪನ ಮಾಡೋ ಬೋರ್ಡು ಅದನ್ನ ನೋಡ್ಬೇಕು. ನೀವು ಯಾರಾದ್ರೂ ಅಂಥಾ ಅರ್ಜಿ ಹಾಕಿರೋದನ್ನ ನೋಡಿದ್ದೀರಾ? ಕೈ ಎತ್ತಿ. ಒಬ್ರೂ ಇಲ್ಲ.

ಇಂಗ್ಲೆಂಡಲ್ಲಿ 2014ರಲ್ಲಿ ಕೇರ್ ಆ್ಯಕ್ಟ್ ಅಂತ ಬಂತು. ಅಲ್ಲಿ ಸ್ಥಳೀಯ ಕೌನ್ಸಿಲ್ಲು, ಅಂದ್ರೆ ನಮ್ಮ ಪಂಚಾಯ್ತಿ, ನಗರಸಭೆ ಥರದ್ದು, ಅದೇ ಈ ವ್ಯಕ್ತಿಗೆ ಎದ್ದೇಳೋಕೆ, ಸ್ನಾನಕ್ಕೆ, ಅಡುಗೆಗೆ, ಹೊರಗೆ ಹೋಗೋಕೆ ಏನು ಬೇಕು ಅಂತ ಕೂತು ನೋಡ್ಬೇಕು. ನೋಡ್ಕೊಳ್ತಿರೋ ಹೆಂಡ್ತಿಗೋ ಗಂಡನಿಗೋ ಏನು ಬೇಕು ಅಂತ ಬೇರೆಯಾಗಿ ಕೇಳ್ಬೇಕು. ಸೇವೆ ಬದಲು ದುಡ್ಡೇ ಕೈಗೆ ತಗೊಂಡು ತಮಗೆ ಬೇಕಾದ ಸಹಾಯಕರನ್ನ ಇಟ್ಕೊಳ್ಳೋ ಅವಕಾಶಾನೂ ಇದೆ. ಅಲ್ಲೂ ದುಡ್ಡು ಸಾಲ್ತಿಲ್ಲ ಅಂತ ಜಗಳ ನಡೀತಾನೇ ಇದೆ, ಸ್ವರ್ಗ ಏನಲ್ಲ. ಆದ್ರೆ ಪ್ರಶ್ನೆ ಸರಿಯಾಗಿ ಕೇಳ್ತಾರೆ, ನನಗೆ ಬೇಕಾಗಿರೋದು ಆ ಪ್ರಶ್ನೆ.

ನಮ್ಮಲ್ಲಿ ಪೆನ್ಷನ್ ಇದೆ, ವೈಕಲ್ಯ ಶೇ. 75ಕ್ಕಿಂತ ಜಾಸ್ತಿ ಇದ್ರೆ ತಿಂಗಳಿಗೆ 1400 ರೂಪಾಯಿ. ಆ ಹೆಂಡ್ತಿಯ ಒಂದು ವಾರದ ಕೂಲಿ ಅದಕ್ಕಿಂತ ಜಾಸ್ತಿ. ಅವಳು ಗಂಡನ್ನ ನೋಡ್ಕೊಳ್ಳೋಕೆ ಮನೇಲಿ ಕೂತ್ರೆ ಆ ಮನೆ ಕಳ್ಕೊಳ್ಳೋದೆಷ್ಟು ನೀವೇ ಲೆಕ್ಕ ಹಾಕಿ. ಪಂಚಾಯ್ತಿ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಅಂತ ಎತ್ತಿಡ್ಬೇಕು. ಎತ್ತಿಡ್ತಾರೆ, ಆದ್ರೆ ಮಾರ್ಚ್ ಬಂದಾಗ ಅವಸರದಲ್ಲಿ ಎಲ್ರಿಗೂ ಒಂದೇ ಥರದ ಸಾಮಾನು, ಹಂಚಿಕೆ, ಫೋಟೋ. ಸಾಮಾನು ಬೇಡ ಅಂತಲ್ಲ ಸಾರ್. ಅದನ್ನ ಉಪಯೋಗಿಸೋಕೆ ಎಬ್ಬಿಸೋರು ಯಾರು?

ಈ ಕಟ್ಟಡದ ರ‍್ಯಾಂಪ್ ಬಗ್ಗೆ ಒಂದು ಮಾತು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರ್ಬೇಕು. ಹೊರಗಡೆದು ಅಷ್ಟಿಲ್ಲ, ಇವತ್ತು ಮೂರು ಜನ ಹಿಂದಿಂದ ತಳ್ಳಿದ್ದನ್ನ ನಾವೆಲ್ಲಾ ನೋಡಿದ್ವಿ. ಸರಿ ಮಾಡ್ಸಿ.

ಚೀಟಿ ಬಂತು, ಊಟ ರೆಡಿ ಅಂತೆ. ಕಣ್ಣು ಕಿವಿ ವಿಷಯ ಅರ್ಧ ಗಂಟೆ ಮಾತಾಡೋಣ ಅಂದ್ಕೊಂಡಿದ್ದೆ, ಬೇಗ ಹೇಳ್ಬಿಡ್ತೀನಿ.

ಕಣ್ಣು ಕಾಣದ ಒಬ್ರು ಅಜ್ಜಿ, ಶುಗರ್ ಇದೆ. ಇನ್ಸುಲಿನ್ ಪೆನ್ ಆಗಿದ್ರೆ ತಿರುಗಿಸಿದಾಗ ಒಂದೊಂದು ಯೂನಿಟ್‌ಗೂ ಟಿಕ್ ಅನ್ನುತ್ತೆ, ಎಣಿಸ್ಕೊಂಡು ತಾವೇ ತಗೋಬಹುದು. ಅವರಿಗೆ ಸಿಗ್ತಿರೋದು ಬಾಟ್ಲಿ ಸಿರಿಂಜು, ಸಿರಿಂಜಿನ ಗೆರೆ ನೋಡೋರು ಬೇಕು, ಅದಕ್ಕೆ ದಿನಾ ಪಕ್ಕದ ಮನೆ ಹುಡುಗ ಶಾಲೆಗೆ ಹೋಗೋ ಮುಂಚೆ ಬರ್ತಾನೆ. ಅವನಿಗೆ ಜ್ವರ ಬಂದ್ರೆ ಅಜ್ಜಿಗೆ ಇನ್ಸುಲಿನ್ ಇಲ್ಲ. ಬಸ್ ಪಾಸ್ ವಿಷಯಾನೂ ಹಾಗೇ, ಪಾಸ್ ನಡೆಯೋದು ಸರ್ಕಾರಿ ಬಸ್ಸಲ್ಲಿ, ನಮ್ಮ ಒಳಗಿನ ರೂಟಲ್ಲಿ ಓಡೋದು ಎಷ್ಟೋ ಕಡೆ ಪ್ರೈವೇಟ್ ಬಸ್ಸು.

ಕಿವಿ ಕೇಳದೋರಿಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೆ, ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ. ಮಶೀನ್ ಸಿಕ್ಕ ಮೇಲೆ ಬ್ಯಾಟರಿ, ಕಿವಿಯೊಳಗೆ ಕೂರೋ ಅಚ್ಚು ಬದಲಾಯಿಸೋದು, ಮಳೆಗಾಲದ ಶೀತಕ್ಕೆ ಹಾಳಾಗದ ಹಾಗೆ ಮುಚ್ಚಿದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಡೋದು, ಇದನ್ನ ಊರಲ್ಲೇ ಹೇಳ್ಕೊಡೋರು ಬೇಕು. ಇಲ್ಲಿ ಮೂರನೇ ಸಾಲಲ್ಲಿ ಇಬ್ರು ಕಿವಿ ಕೇಳದೋರು ಬೆಳಿಗ್ಗೆಯಿಂದ ಕೂತಿದ್ದಾರೆ, ನಾನು ಏನು ಹೇಳ್ತಿದ್ದೀನಿ ಅಂತ ಅವರಿಗೆ ಸನ್ನೇಲಿ ಹೇಳೋರು ಯಾರೂ ಇಲ್ಲ. ವಿಕಲಚೇತನರಿಗೆ ಅಂತಲೇ ನಡೆಸೋ ಮುಂದಿನ ಸಮನ್ವಯ ಗ್ರಾಮಸಭೆಗೆ ಸಂಜ್ಞಾ ಭಾಷೆ ಬಲ್ಲೋರನ್ನ ಕರೆಸ್ಲೇಬೇಕು, ಅದರ ಖರ್ಚನ್ನ ಈಗ್ಲೇ ಬರ್ಕೊಳ್ಳಿ.

ಕೊನೇದಾಗಿ ಪಿಡಿಒ ಸಾರ್‌ಗೆ, ಸದಸ್ಯರಿಗೆ. ನಮ್ಮ ವಿಆರ್‌ಡಬ್ಲ್ಯೂ, ಅಂದ್ರೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾವೇ ಕಾಲಿನ ತೊಂದರೆ ಇಟ್ಕೊಂಡು ಮನೆ ಮನೆ ತಿರುಗ್ತಾರೆ, ಸರ್ಕಾರ ಅವರಿಗೆ ಕೊಡೋದು ಗೌರವಧನ. ಯಾರ ಮನೇಲಿ ಯಾರು ಮಲಗಿದ್ದಾರೆ ಅಂತ ಅವರಿಗೆ ಗೊತ್ತು. ಜನವರಿ ಒಳಗೆ ಅವರ ಹತ್ರ ಪಟ್ಟಿ ಮಾಡ್ಸಿ, ಹೆಸರು, ಪರ್ಸೆಂಟೇಜ್ ಅಷ್ಟೇ ಸಾಲದು, ಬೆಳಿಗ್ಗೆ ಎಬ್ಬಿಸೋರು ಯಾರು, ಹಗಲು ಜೊತೇಲಿ ಇರೋರು ಯಾರು ಅಂತ ಎರಡು ಕಾಲಂ ಹಾಕ್ಸಿ. ಯಾರೂ ಇಲ್ಲ ಅಂತ ಇರೋ ಮನೆಗೆ, ಆ ಶೇ. 5ರಲ್ಲಿ ಊರಿನೋರೇ ಒಬ್ರಿಗೆ ತರಬೇತಿ ಕೊಟ್ಟು ಗಂಟೆ ಲೆಕ್ಕದಲ್ಲಿ ಕೂಲಿ ಕೊಡೋಕೆ ನಿಯಮ ಮಾಡ್ಕೊಡಿ ಅಂತ ಇವತ್ತೇ ನಿರ್ಣಯ ಬರೆದು ಜಿಲ್ಲಾ ಪಂಚಾಯ್ತಿಗೆ ಕಳ್ಸಿ. ತರಬೇತಿ ನಾನು ಕೊಡ್ತೀನಿ, ದುಡ್ಡು ಬೇಡ, ಜಾಗ ಮತ್ತೆ ಒಂದು ಮಂಚ ಕೊಟ್ರೆ ಸಾಕು. ನಿರ್ಣಯದ ಪುಸ್ತಕ ಅಧ್ಯಕ್ಷರ ಮುಂದೇನೇ ಇದೆ, ಊಟಕ್ಕೆ ಏಳೋ ಮುಂಚೆ ಬರೆದ್ಬಿಡೋಣ.