ಲೆಕ್ಕ ಇಡದ ಪುಣ್ಯ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನಲ್ಲಿ ನಾನು ಬಹಳ ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ನೈಟ್ ಡ್ಯೂಟಿಯಲ್ಲಿ ರೋಗಿಗಳು ನಮ್ಮನ್ನು ಕರೆಯುವುದು ಬರೀ ನೋವಿಗೆ, ನೀರಿಗೆ ಅಂದುಕೊಳ್ಳಬೇಡಿ. ಮನೆಯವರ ಹತ್ತಿರ ಕೇಳಲಾಗದ ಮಾತನ್ನು ನಮ್ಮ ಹತ್ತಿರ ಕೇಳುತ್ತಾರೆ. ಹೆಚ್ಚಾಗಿ ಕೇಳಿದ್ದು ಇದು: "ಸಿಸ್ಟರ್, ನಾನು ಮಾಡಿದ ಪುಣ್ಯ ಸಾಕಾದೀತಾ?" ಕ್ರೈಸ್ತರು ಕೇಳಿದ್ದಾರೆ, ಹಿಂದೂಗಳು ಕೇಳಿದ್ದಾರೆ, ಬ್ಯಾರಿ ಮುಸ್ಲಿಂ ಅಜ್ಜಂದಿರೂ ಕೇಳಿದ್ದಾರೆ.

ಆಸ್ಪತ್ರೆಯ ಹೊರಗೆ ಕೇಳುವ ಪ್ರಶ್ನೆ ಬೇರೆ. "ನಿಮ್ಮಲ್ಲಿ ಯೇಸುವನ್ನು ನಂಬಿದ್ರೆ ಸಾಕಂತಲ್ಲ ಮಾರಾಯ್ರೆ? ಮತ್ತೆ ಏನು ಮಾಡಿದ್ರೂ ನಡೀತದಾ?" ಕೇಳುವವರಲ್ಲಿ ಕುಹಕ ಇರುವುದಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಾರೆ. ಕ್ರೈಸ್ತರಲ್ಲೇ ಎಷ್ಟೋ ಜನರಿಗೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ಬೈಬಲ್ ಏನು ಹೇಳುತ್ತದೆ ನೋಡೋಣ. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಮಾತು ನೇರವಾಗಿದೆ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರು ಕೃಪೆಯಿಂದ ಕೊಡುವ ವರ. ನಾವು ಅದನ್ನು ನಂಬಿಕೆಯಿಂದ ಪಡೆಯುತ್ತೇವೆ. ಅದು ನಮ್ಮ ಕೆಲಸಕ್ಕೆ ಸಿಕ್ಕಿದ ಕೂಲಿ ಅಲ್ಲ, ಹಾಗಾಗಿ ಯಾರೂ ಎದೆ ತಟ್ಟಿಕೊಳ್ಳುವಂತಿಲ್ಲ. ಇಷ್ಟು ಹೇಳಿ ಪತ್ರ ಅಲ್ಲಿಗೇ ನಿಲ್ಲುವುದಿಲ್ಲ. ಒಳ್ಳೆಯ ಕೆಲಸ ಮಾಡುವುದಕ್ಕೆಂದೇ ದೇವರು ನಮ್ಮನ್ನು ರೂಪಿಸಿದ್ದಾನೆ ಎನ್ನುತ್ತದೆ ಮುಂದಿನ ವಚನ. ಜನ ಮೊದಲ ಮಾತನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಯಾಕೋಬನ ಪತ್ರ ಇನ್ನೂ ಖಾರವಾಗಿದೆ. ಅಣ್ಣನೋ ತಂಗಿಯೋ ಉಡಲು ಬಟ್ಟೆಯಿಲ್ಲದೆ, ಆ ದಿನದ ಊಟವಿಲ್ಲದೆ ನಿಂತಿರುವಾಗ, "ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ, ಹೋಗಿಬನ್ನಿ" ಎಂದು ಕಳಿಸಿಬಿಟ್ಟರೆ ಏನು ಪ್ರಯೋಜನ ಎಂದು ಯಾಕೋಬ ಕೇಳುತ್ತಾನೆ. ಕೆಲಸವಿಲ್ಲದ ನಂಬಿಕೆ ಅವನ ಲೆಕ್ಕದಲ್ಲಿ ಸತ್ತ ನಂಬಿಕೆ.

ಈ ಎರಡು ಮಾತುಗಳ ನಡುವೆ ಯುರೋಪಿನ ಕ್ರೈಸ್ತರು ನೂರಾರು ವರ್ಷ ಜಗಳವಾಡಿದರು. ಆ ಜಗಳದ ಬೇರಿನಲ್ಲೂ ನನ್ನ ರೋಗಿಗಳು ಕೇಳಿದ ಪ್ರಶ್ನೆಯೇ ಇತ್ತು. ಮಾರ್ಟಿನ್ ಲೂಥರ್ ಜರ್ಮನಿಯ ಎರ್ಫುರ್ಟಿನಲ್ಲಿ ಸನ್ಯಾಸಿಯಾಗಿದ್ದ. ಉಪವಾಸ ಮಾಡಿದ, ಜಾಗರಣೆ ಮಾಡಿದ, ಗಂಟೆಗಟ್ಟಲೆ ಪಾಪನಿವೇದನೆ ಮಾಡಿದ. ಆದರೂ ಅವನಿಗೆ ಸಮಾಧಾನ ಇರಲಿಲ್ಲ. ಮಾಡಿದ್ದು ಸಾಕಾಯಿತೇ ಎಂಬ ಭಯ ಹೋಗಲೇ ಇಲ್ಲ. ಅದೇ ಕಾಲದಲ್ಲಿ ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ದುಡ್ಡು ಬೇಕೆಂದು ಪಾಪದ ಶಿಕ್ಷೆಯನ್ನು ಕಡಿಮೆ ಮಾಡುವ ಪತ್ರಗಳನ್ನು ಊರೂರಲ್ಲಿ ಮಾರುತ್ತಿದ್ದರು. ಬಡವರು ಸತ್ತ ಅಪ್ಪ ಅಮ್ಮನಿಗಾಗಿ ಅದನ್ನು ಕೊಳ್ಳುತ್ತಿದ್ದರು. ಇದರ ವಿರುದ್ಧ ಲೂಥರ್ 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಮುಂದಿಟ್ಟ. ನಂಬಿಕೆಯಿಂದ ಮಾತ್ರವೇ ಮನುಷ್ಯ ದೇವರ ಮುಂದೆ ನೀತಿವಂತನಾಗುತ್ತಾನೆ ಎಂಬ ಬೋಧನೆ ಅವನಿಂದ ಹಬ್ಬಿತು. ಆ ದಾರಿ ಹಿಡಿದವರನ್ನು ಪ್ರಾಟೆಸ್ಟಂಟರು ಅನ್ನುತ್ತಾರೆ. 1547ರಲ್ಲಿ ಕಥೋಲಿಕ ಸಭೆ, ಅಂದರೆ ಪೋಪರ ಕೈಕೆಳಗಿನ ಚರ್ಚು, ಬಿಷಪರು ಸೇರಿದ ಟ್ರೆಂಟ್ ಮಹಾಸಭೆಯಲ್ಲಿ ಅದಕ್ಕೆ ಉತ್ತರ ಕೊಟ್ಟಿತು. ನಂಬಿಕೆ ಬೇಕು, ಆದರೆ ಪ್ರೀತಿ ಮತ್ತು ಭರವಸೆ ಅದರ ಜೊತೆಗೂಡದಿದ್ದರೆ ಅದು ಪೂರ್ತಿಯಲ್ಲ ಎಂದಿತು.

ಆ ಜಗಳ ಹಡಗು ಹತ್ತಿ ನಮ್ಮೂರಿಗೂ ಬಂತು. ಇಲ್ಲಿ ಕಥೋಲಿಕರು ಶತಮಾನಗಳಿಂದ ಇದ್ದರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. 1878ರ ಕೊನೆಯ ದಿನ ಕಥೋಲಿಕರ ಜೆಸ್ವಿತ್ ಸಂಘದ ಗುರುಗಳು ಬಂದರು. ಬಲ್ಮಠದ ಗುಡ್ಡದಲ್ಲಿ ಮಿಷನ್ನಿನ ಬೋಧನೆ, ಬಾವುಟಗುಡ್ಡದಲ್ಲಿ ಜೆಸ್ವಿತರದು. ನಮ್ಮದು ಬಾಸೆಲ್ ಮಿಷನ್ನಿನ ಮನೆತನ. ನಾವು ಚಿಕ್ಕವರಿದ್ದಾಗ ಕಥೋಲಿಕ ಮಕ್ಕಳಿಗೆ "ನೀವು ಪುಣ್ಯ ಕೊಂಡುಕೊಳ್ಳುವವರು" ಅನ್ನುತ್ತಿದ್ದೆವು. ಅವರು "ನೀವು ಸುಮ್ನೆ ನಂಬಿ ಕೂತುಕೊಳ್ಳುವವರು" ಅನ್ನುತ್ತಿದ್ದರು. ದೊಡ್ಡವರ ಬಾಯಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದೆವು.

ಎರಡೂ ಸುಳ್ಳು. ಇದನ್ನು ಸ್ವಲ್ಪ ಒತ್ತಿ ಹೇಳಬೇಕು ಅನಿಸುತ್ತದೆ. ದೇವರು ಮನುಷ್ಯನನ್ನು ನೀತಿವಂತನೆಂದು ಸ್ವೀಕರಿಸುವ ಮೊದಲು ಅವನು ಮಾಡಿದ ಯಾವುದೂ, ಅವನ ನಂಬಿಕೆಯೂ ಸೇರಿ, ಆ ಕೃಪೆಯನ್ನು ಗಳಿಸಿಕೊಡಲಾರದು ಎಂದು ಟ್ರೆಂಟ್ ಮಹಾಸಭೆಯೇ ಹೇಳಿದೆ. ನಿಜವಾದ ನಂಬಿಕೆ ಒಳ್ಳೆಯದನ್ನು ಮಾಡದೆ ಇರಲಾರದು ಎಂದು ಲೂಥರನೇ ಬರೆದಿದ್ದಾನೆ. ನಮ್ಮೂರಿನ ಚರಿತ್ರೆಯನ್ನೇ ನೋಡಿ. ನಂಬಿಕೆಯೊಂದೇ ಎಂದು ಸಾರಿದ ಬಾಸೆಲ್ ಮಿಷನ್ ಕೈಕಟ್ಟಿ ಕೂರಲಿಲ್ಲ. 1841ರಲ್ಲಿ ಅಚ್ಚುಕೂಟ ಬಂತು. ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ನನ್ನ ಅಜ್ಜ ಹೆಂಚಿನ ಕೆಲಸದಲ್ಲೇ ಮನೆ ನಡೆಸಿದವರು.

1999ರಲ್ಲಿ, ಅದೇ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬುರ್ಗಿನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಅರ್ಹತೆಯಿಂದಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಪವಿತ್ರಾತ್ಮನನ್ನು ಕೊಟ್ಟು ಒಳ್ಳೆಯ ಕೆಲಸಗಳಿಗೆ ಕರೆಯುತ್ತಾನೆ ಎಂಬುದು ಅದರ ತಿರುಳು. ಪ್ರಾಟೆಸ್ಟಂಟರ ಬೇರೆ ಪಂಗಡಗಳಲ್ಲಿ 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ಸುಧಾರಿತ (ರಿಫಾರ್ಮ್ಡ್) ಸಭೆಗಳೂ ಸೇರಿಕೊಂಡವು. ಎಲ್ಲ ಭೇದ ಮುಗಿಯಿತು ಅಂತಲ್ಲ. ಆದರೆ ನಾಲ್ಕುನೂರು ವರ್ಷಗಳ ಬೈಗುಳಕ್ಕೆ ಇನ್ನು ಆಧಾರವಿಲ್ಲ. ಇಷ್ಟು ದೊಡ್ಡ ಸಂಗತಿ ನಮ್ಮ ಸಭೆಗಳಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಭಾನುವಾರದ ಪ್ರಸಂಗದಲ್ಲಿ ಇದನ್ನು ಹೇಳಲೇಬೇಕು.

ಈಗ ರೋಗಿಗಳ ಪ್ರಶ್ನೆಗೆ ಬರುತ್ತೇನೆ. ಸಾಯುವ ಭಯದಲ್ಲಿದ್ದವರಿಗೆ ನಾನು ಶಿಲುಬೆಯ ಮೇಲಿನ ಕಳ್ಳನ ಕತೆ ಹೇಳುತ್ತಿದ್ದೆ. ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿದೆ. ಯೇಸುವಿನ ಪಕ್ಕದಲ್ಲಿ ಶಿಕ್ಷೆಗೆ ಒಳಗಾದವನು, ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನಪು ಮಾಡಿಕೋ ಎನ್ನುತ್ತಾನೆ, ಅಷ್ಟೇ. ಇವತ್ತೇ ನನ್ನ ಸಂಗಡ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುವೆ ಎಂದು ಯೇಸು ಹೇಳುತ್ತಾನೆ. ಆ ಮನುಷ್ಯನಿಗೆ ಇನ್ನು ಒಂದು ಒಳ್ಳೆಯ ಕೆಲಸ ಮಾಡಲೂ ಸಮಯವಿರಲಿಲ್ಲ, ಕೈಯೂ ಬಿಡುವಿರಲಿಲ್ಲ. "ಇದು ಅನ್ಯಾಯ ಅಲ್ವಾ?" ಎಂದು ಕೇಳಿದವರಿದ್ದಾರೆ. ಅವನಿಂದ ಪೆಟ್ಟು ತಿಂದವರ ಕಡೆಯಿಂದ ನೋಡಿದರೆ ಹಾಗನಿಸುವುದು ಸಹಜ. ಆದರೂ ಕೊನೆಯ ಗಳಿಗೆಯಲ್ಲಿ ಬಾಗಿಲು ಮುಚ್ಚುವ ದೇವರ ಬಗ್ಗೆ ಒಬ್ಬ ಸಾಯುವವರ ಕಿವಿಯಲ್ಲಿ ಹೇಳಲು ನನ್ನಿಂದಾಗದು.

ಆರೋಗ್ಯವಾಗಿ ಓಡಾಡುವವರಿಗೆ ಮಾತ್ರ ನಾನು ಆ ಕತೆ ಹೇಳುವುದಿಲ್ಲ. ಅವರಿಗೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಕೊನೆಯ ನ್ಯಾಯತೀರ್ಪಿನ ದಿನ ಅರಸನು ಬಲಗಡೆಯವರಿಗೆ ಹೇಳುತ್ತಾನೆ: ನಾನು ಹಸಿದಿದ್ದೆ, ಊಟ ಕೊಟ್ಟಿರಿ. ಬಾಯಾರಿದ್ದೆ, ಕುಡಿಯಲು ಕೊಟ್ಟಿರಿ. ಪರದೇಶಿಯಾಗಿದ್ದೆ, ಮನೆಗೆ ಸೇರಿಸಿಕೊಂಡಿರಿ. ಬಟ್ಟೆ ಇರಲಿಲ್ಲ, ಉಡಿಸಿದಿರಿ. ಕಾಯಿಲೆ ಬಿದ್ದಿದ್ದೆ, ನೋಡಲು ಬಂದಿರಿ. ಜೈಲಿನಲ್ಲಿದ್ದೆ, ಅಲ್ಲಿಗೂ ಬಂದಿರಿ. ಆಗ ಅವರು ಏನು ಹೇಳುತ್ತಾರೆ ಗಮನಿಸಿ. ಹೌದು ಸ್ವಾಮಿ, ಮಾಡಿದೆವು ಎನ್ನುವುದಿಲ್ಲ. ಯಾವಾಗ ಮಾಡಿದೆವು? ನಿನ್ನನ್ನು ನಾವು ಯಾವಾಗ ನೋಡಿದೆವು? ಎಂದು ಕೇಳುತ್ತಾರೆ. ಅವರಿಗೆ ಗೊತ್ತೇ ಇಲ್ಲ! ಲೆಕ್ಕ ಇಟ್ಟಿರಲಿಲ್ಲ. ಸ್ವರ್ಗಕ್ಕೆ ಹೋಗಲು ಎಂದು ಮಾಡಿದ್ದರೆ ನೆನಪಿರುತ್ತಿತ್ತು. ನಂಬಿಕೆ ಮತ್ತು ಒಳ್ಳೆಯ ಕೆಲಸದ ಜಗಳ ನನ್ನ ಮಟ್ಟಿಗೆ ಮುಗಿದದ್ದು ಈ ಪ್ರಶ್ನೆಯಲ್ಲಿ. ದೇವರು ತನ್ನನ್ನು ಪ್ರೀತಿಸುತ್ತಾನೆಂದು ನಂಬಿದವನಿಗೆ ಲೆಕ್ಕ ಬೇಕಾಗುವುದಿಲ್ಲ. ಅವನ ಕಣ್ಣು ಹಸಿದವನ ಮೇಲೆ ಇರುತ್ತದೆ.

ನಮ್ಮ ವಾರ್ಡಿಗೆ ಒಬ್ಬ ಕಥೋಲಿಕ ಬಾಯಮ್ಮ ಬಂದಿದ್ದರು, ಬೀಡಿ ಕಟ್ಟಿ ಬದುಕಿದವರು. ಇಗರ್ಜಿಗೆ (ಚರ್ಚಿಗೆ) ಏನೂ ಕೊಡಲಿಲ್ಲ, ವೆಲಂಕಣಿ ಯಾತ್ರೆಗೂ ಹೋಗಲಿಲ್ಲ, ದೇವರ ಮುಂದೆ ಬರಿಗೈ ಎಂದು ಅಳುತ್ತಿದ್ದರು. ನೋಡಿಕೊಳ್ಳಲು ಬಂದಿದ್ದ ಹುಡುಗಿ ಮಗಳೇ ಎಂದು ಕೇಳಿದೆ. ಅಲ್ಲ, ತಂಗಿಯ ಮಗಳು. ತಂಗಿ ತೀರಿಹೋದ ಮೇಲೆ ಅವಳ ಮಕ್ಕಳನ್ನೆಲ್ಲ ಇವರೇ ಸಾಕಿದ್ದರು. "ಅದನ್ನು ಹೇಳಬಹುದಲ್ಲ ಬಾಯಮ್ಮ" ಎಂದೆ. "ಅದು ಪುಣ್ಯ ಹೇಗಾಗ್ತದೆ ಸಿಸ್ಟರ್, ಅವು ಮಕ್ಕಳಲ್ವಾ" ಎಂದರು.

ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಷನ್ನಿನ ಡಾಕ್ಟರ್ ಇವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. ಒಬ್ಬರು ಕಥೋಲಿಕ ಗುರು, ಇನ್ನೊಬ್ಬರು ಪ್ರಾಟೆಸ್ಟಂಟ್ ಹೆಂಗಸು. ಹುಣ್ಣು ತೊಳೆಯುವಾಗ ಆ ಭೇದ ಎಲ್ಲಿರುತ್ತದೆ? ನರ್ಸಿಂಗ್ ಕಲಿಯಲು ಬಂದ ಹುಡುಗಿಯರಿಗೆ ನಾನು ಒಂದು ಮಾತು ಹೇಳುತ್ತಿದ್ದೆ. ನಿಮ್ಮ ಪುಣ್ಯಕ್ಕಾಗಿ ರೋಗಿಯನ್ನು ನೋಡಿಕೊಂಡರೆ ಅವನು ನಿಮ್ಮ ಏಣಿಯ ಮೆಟ್ಟಿಲಾಗುತ್ತಾನೆ. ಮೆಟ್ಟಿಲನ್ನು ತುಳಿಯುತ್ತೇವೆ, ಅದರ ಮುಖ ನೋಡುವುದಿಲ್ಲ. ರೋಗಿಗೆ ಅದು ಗೊತ್ತಾಗಿಬಿಡುತ್ತದೆ.

ಸತ್ತ ಮೇಲೆ ಏನು ಎಂಬಲ್ಲಿ ಎರಡು ಸಭೆಗಳ ನಡುವೆ ಇಂದಿಗೂ ವ್ಯತ್ಯಾಸವಿದೆ. ಕಥೋಲಿಕರು ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೊಂಬತ್ತಿ ಹಚ್ಚಿ ತೀರಿಹೋದವರಿಗಾಗಿ ಪ್ರಾರ್ಥಿಸುತ್ತಾರೆ. ದೇವರ ಸ್ನೇಹದಲ್ಲಿ ಸತ್ತರೂ ಪೂರ್ತಿ ಶುದ್ಧರಾಗದವರು ಶುದ್ಧೀಕರಣ ಹೊಂದುತ್ತಾರೆ ಎಂಬುದು ಅವರ ಬೋಧನೆ. ನಮ್ಮ ಸಭೆಗಳಲ್ಲಿ ಆ ಬೋಧನೆ ಇಲ್ಲ. ನಾವು ಸತ್ತವರನ್ನು ದೇವರ ಕೈಗೊಪ್ಪಿಸಿ, ಅವರ ಬದುಕಿಗಾಗಿ ಸ್ತೋತ್ರ ಹೇಳುತ್ತೇವೆ. ಆದರೆ ವಿಶ್ವಾಸ ಪ್ರಮಾಣ ಇಬ್ಬರದೂ ಒಂದೇ. ದೇಹದ ಪುನರುತ್ಥಾನ, ನಿತ್ಯಜೀವ. ಕ್ರೈಸ್ತರ ನಿರೀಕ್ಷೆ ಆತ್ಮ ಎಲ್ಲೋ ಹಾರಿಹೋಗುವುದು ಮಾತ್ರ ಅಲ್ಲ. ನಾವು ತೊಳೆದ, ಉಣಿಸಿದ, ಬಟ್ಟೆ ತೊಡಿಸಿದ ಈ ದೇಹಕ್ಕೂ ದೇವರ ಹತ್ತಿರ ಬೆಲೆ ಇದೆ. ನರ್ಸ್ ಆದ ನನಗೆ ಇದು ಬಹಳ ದೊಡ್ಡ ಸಮಾಧಾನ.

ಒಂದು ಪ್ರಶ್ನೆ ಉಳಿಯಿತು. ಕ್ರಿಸ್ತನನ್ನು ನಂಬದ ನೆರೆಯವರ ಗತಿ ಏನು? ಕಥೋಲಿಕ ಸಭೆ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವನು ಮನಃಪೂರ್ವಕವಾಗಿ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ಅವನಿಗೂ ರಕ್ಷಣೆ ಸಾಧ್ಯ ಎಂದಿತು. ಪ್ರಾಟೆಸ್ಟಂಟರಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ನನ್ನ ಸಭೆಯಲ್ಲೇ ಖಂಡಿತ ಇಲ್ಲ ಎನ್ನುವವರಿದ್ದಾರೆ. ಯೇಸುವಿನ ಹೊರತು ರಕ್ಷಣೆ ಇಲ್ಲ ಎಂದು ನಾನೂ ನಂಬುತ್ತೇನೆ. ಆದರೆ ತೀರ್ಪು ಕೊಡುವವನು ಅವನೇ. ಯಾರು ಒಳಗೆ, ಯಾರು ಹೊರಗೆ ಎಂಬ ಪಟ್ಟಿಯನ್ನು ಅವನು ನನ್ನ ಕೈಗೆ ಕೊಟ್ಟಿಲ್ಲ, ಯಾವ ಪಾಸ್ಟರಿಗೂ ಪಾದ್ರಿಗೂ ಕೊಟ್ಟಿಲ್ಲ. ಸಾವಿನ ಮನೆಗೆ ಹೋಗಿ ಆ ಪಟ್ಟಿ ಓದುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಅಳುವವರಿಗೆ ಒಂದು ಲೋಟ ಗಂಜಿ ಕಾಯಿಸಿ ಕೊಡುವ ಕೆಲಸ ಬಾಕಿ ಇರುತ್ತದೆ.

ನಮಸ್ಕಾರ.