ಓಎಸ್ ಅಪ್‌ಗ್ರೇಡ್ ಆದ ಮೇಲೆ ಬ್ರೌಸರ್ ತುಂಬ ಎಚ್ಚರಿಕೆ: ಕಾರಣ ಹುಡುಕೋದು ಹೇಗೆ?

ಅಪ್‌ಗ್ರೇಡ್ ಮುಗೀತು, ಬ್ರೌಸರ್ ತೆರೆದ್ರಿ. ಯಾವ ಸೈಟಿಗೆ ಹೋದ್ರೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅನ್ನೋ ಪುಟ. ತುಂಬ ಜನ ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಒತ್ತಿ ಮುಂದೆ ಹೋಗಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪು ಎಲ್ಲಿದೆ ಅನ್ನೋದರ ಸುಳಿವು ಆ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತೆ. ತೆರೆಯ ಮೇಲೆ ಗುರುತು ಹಾಕಿದ್ದೀನಿ ನೋಡಿ, ಆ ಎರರ್ ಕೋಡ್ ಓದಿಕೊಳ್ಳಿ.

ಬರೀ ಒಂದು ಸೈಟಿಗೆ ಎಚ್ಚರಿಕೆ ಬರ್ತಿದ್ರೆ ತಪ್ಪು ಬಹುಶಃ ಆ ಸೈಟಿನವರದು. ಎಲ್ಲಕ್ಕೂ ಬರ್ತಿದ್ರೆ ನಿಮ್ಮ ಯಂತ್ರದಲ್ಲೋ ನೆಟ್‌ವರ್ಕಿನಲ್ಲೋ ಹುಡುಕಬೇಕು.

ಕೋಡಿನಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಅಂತಿದ್ರೆ ಮೊದಲು ಗಡಿಯಾರ ನೋಡಿ. ಸರ್ಟಿಫಿಕೇಟ್ ಅಂದ್ರೆ ಸೈಟಿನ ಡಿಜಿಟಲ್ ಗುರುತಿನ ಚೀಟಿ. ಪ್ರತಿ ಸರ್ಟಿಫಿಕೇಟಿಗೂ ಶುರುವಾಗೋ ದಿನ, ಮುಗಿಯೋ ದಿನ ಇರುತ್ತೆ. ಬ್ರೌಸರ್ ಅದನ್ನ ನಿಮ್ಮ ಕಂಪ್ಯೂಟರಿನ ದಿನಾಂಕದ ಜೊತೆ ಹೋಲಿಸುತ್ತೆ. ಗಂಟೆ, ನಿಮಿಷ ಸರಿಯಾಗಿದ್ದು ಇಸವಿ ತಪ್ಪಿರಬಹುದು, ಅದನ್ನೂ ನೋಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಡೇಟ್ ಅಂಡ್ ಟೈಮ್‌ಗೆ ಹೋಗಿ ‘ಸಿಂಕ್ ನೌ’ ಒತ್ತಿ. ಡೆಸ್ಕ್‌ಟಾಪ್ ಆರಿಸಿ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡ್ತಿದ್ರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟಿನದು.

‘ಅಥಾರಿಟಿ ಇನ್‌ವ್ಯಾಲಿಡ್’ ಅಂತಿದ್ರೆ, ಅಂದ್ರೆ ಸರ್ಟಿಫಿಕೇಟ್ ಕೊಟ್ಟವರನ್ನ ಬ್ರೌಸರ್ ನಂಬ್ತಿಲ್ಲ ಅಂದ್ರೆ, ಸ್ವಲ್ಪ ನಿಧಾನವಾಗಿ ನೋಡಬೇಕು. ಅಪ್‌ಗ್ರೇಡ್ ಆದ ಮೇಲೆ ಎಲ್ಲ ಸೈಟಿಗೂ ಈ ಕೋಡ್ ಬಂದ್ರೆ ಮೊದಲ ಅನುಮಾನ ಆಂಟಿವೈರಸ್ ಮೇಲೆ. ಹಲವು ಆಂಟಿವೈರಸ್‌ಗಳು ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಮುಚ್ಚಿದ) ಸಂಪರ್ಕವನ್ನ ನಡುವೆ ಬಿಚ್ಚಿ, ಪರೀಕ್ಷೆ ಮಾಡಿ, ತಮ್ಮದೇ ಸರ್ಟಿಫಿಕೇಟ್ ಹಾಕಿ ಮತ್ತೆ ಮುಚ್ಚಿ ಕಳಿಸ್ತವೆ. ಬ್ರೌಸರ್ ಅದನ್ನ ಒಪ್ಪಬೇಕಾದ್ರೆ ಅವರ ರೂಟ್ ಸರ್ಟಿಫಿಕೇಟ್, ಅಂದ್ರೆ ಉಳಿದವಕ್ಕೆ ಸಹಿ ಹಾಕೋ ಮೂಲ ಸರ್ಟಿಫಿಕೇಟ್, ಸಿಸ್ಟಂನಲ್ಲಿ ಇರಬೇಕು. ಅಪ್‌ಗ್ರೇಡ್‌ನಲ್ಲಿ ಆ ರೂಟ್ ಕಳೆದುಹೋಗಿ, ಸಂಪರ್ಕದ ನಡುವೆ ನಿಲ್ಲೋ ಆಂಟಿವೈರಸ್‌ನ ಡ್ರೈವರ್ ಮಾತ್ರ ಉಳಿದ್ರೆ ಎಲ್ಲ ಸೈಟೂ ಕೆಂಪು. ಫೈರ್‌ಫಾಕ್ಸ್‌ನಲ್ಲಿ ಕೋಡಿನ ಕೊನೆಗೆ ‘ಎಂಐಟಿಎಂ ಡಿಟೆಕ್ಟೆಡ್’ ಅಂತ ಬಂದಿದ್ರೆ ನಡುವೆ ಯಾರೋ ನಿಂತಿದ್ದಾರೆ ಅಂತಲೇ ಅರ್ಥ.

ಯಾರು ಅಂತ ನೋಡೋಣ. ಅಡ್ರೆಸ್ ಬಾರಿನ ‘ನಾಟ್ ಸೆಕ್ಯೂರ್’ ಒತ್ತಿ, ಸರ್ಟಿಫಿಕೇಟ್ ವಿವರ ತೆರೆದು, ‘ಇಶ್ಯೂಡ್ ಬೈ’ ಸಾಲು ಓದಿ. ಅಲ್ಲಿ ಆಂಟಿವೈರಸ್ ಹೆಸರಿದ್ರೆ ಅದರ ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಆಫ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೀರಿ. ಎಚ್ಚರಿಕೆ ಹೋಯ್ತಾ? ಹಾಗಾದ್ರೆ ಆಂಟಿವೈರಸ್ಸನ್ನ ಅದೇ ಕಂಪನಿ ಕೊಡೋ ರಿಮೂವಲ್ ಟೂಲ್‌ನಿಂದ ತೆಗೆದು, ರೀಸ್ಟಾರ್ಟ್ ಮಾಡಿ, ಹೊಸ ಆವೃತ್ತಿ ಹಾಕಿ. ನನ್ನ ಪ್ರಕಾರ ಈ ಸ್ಕ್ಯಾನಿಂಗ್ ಆಫ್ ಆಗೇ ಇದ್ರೂ ನಷ್ಟವಿಲ್ಲ. ಡೌನ್‌ಲೋಡ್ ಆದ ಫೈಲನ್ನ ಆಂಟಿವೈರಸ್ ಹೇಗೂ ನೋಡುತ್ತೆ.

ಆ ಸಾಲಿನಲ್ಲಿ ನಿಮ್ಮ ಆಫೀಸಿನ ಹೆಸರಿದ್ರೆ ಮುಟ್ಟಬೇಡಿ, ಐಟಿಯವರಿಗೆ ಹೇಳಿ. ಗುರುತೇ ಇಲ್ಲದ ಹೆಸರಿದ್ರೆ ಆಡ್‌ವೇರ್ (ಜಾಹೀರಾತು ತುರುಕೋ ಪ್ರೋಗ್ರಾಂ) ಇರಬಹುದು. 2015ರಲ್ಲಿ ಬೆಳಕಿಗೆ ಬಂದ ಸೂಪರ್‌ಫಿಶ್ ಇಂಥದ್ದೇ: ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಬಂದಿತ್ತು, ಎಲ್ಲ ಯಂತ್ರಕ್ಕೂ ಒಂದೇ ಖಾಸಗಿ ಕೀ (ಸರ್ಟಿಫಿಕೇಟಿಗೆ ಸಹಿ ಹಾಕೋ ಗುಟ್ಟಿನ ಕೀಲಿ). ಅಂಥ ಪ್ರೋಗ್ರಾಂ ತೆಗೆದ್ರೆ ಮಾತ್ರ ಸಾಲದು. ಅದರ ರೂಟ್ ಉಳಿದುಬಿಡಬಹುದು. ವಿಂಡೋಸ್‌ನ ಸರ್ಟಿಫಿಕೇಟ್ ಮ್ಯಾನೇಜರ್‌ನಲ್ಲಿ, ಟ್ರಸ್ಟೆಡ್ ರೂಟ್ ಪಟ್ಟಿಯಲ್ಲಿ ಹುಡುಕಿ ಅಳಿಸಬೇಕು. ಹೆಸರು ಖಚಿತವಾಗದೆ ಅಲ್ಲಿ ಬೇರೆ ಯಾವುದನ್ನೂ ಅಳಿಸಬೇಡಿ.

ಇನ್ನೊಂದು ಸುಲಭ ಪರೀಕ್ಷೆ: ಫೋನಿನ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿ. ಅಲ್ಲಿ ಸರಿಯಾದ್ರೆ ತೊಂದರೆ ವೈಫೈ ಕಡೆ.

ಮ್ಯಾಕ್‌ನವರಿಗೆ ಒಂದು ಮಾತು. ಸೈಟುಗಳೆಲ್ಲ ಸರಿ, ಮನೆಯ ರೌಟರ್ ಅಥವಾ ಎನ್‌ಎಎಸ್ (ನೆಟ್‌ವರ್ಕಿಗೆ ಸೇರಿಸಿದ ಫೈಲ್ ಪೆಟ್ಟಿಗೆ) ಪುಟ ಮಾತ್ರ ತೆರೀತಿಲ್ಲ ಅಂದ್ರೆ, 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ ಸರ್ಟಿಫಿಕೇಟಿನ ನಿಯಮ ಬಿಗಿಯಾಗಿದೆ. ಸರ್ಟಿಫಿಕೇಟಿನ ಆರ್‌ಎಸ್‌ಎ ಅನ್ನೋ ಬಗೆಯ ಕೀ ಕನಿಷ್ಠ 2048 ಬಿಟ್ ಇರಬೇಕು, ಸಹಿಗೆ ಎಸ್‌ಎಚ್‌ಎ-1 ಅನ್ನೋ ಹಳೇ ವಿಧಾನ ನಡೆಯೋಲ್ಲ, 2019ರ ಜುಲೈ 1ರ ನಂತರ ಮಾಡಿದ ಸರ್ಟಿಫಿಕೇಟಿನ ಅವಧಿ 825 ದಿನ ಮೀರಬಾರದು. ಹಳೇ ಉಪಕರಣಗಳು 10 ವರ್ಷದ ಸರ್ಟಿಫಿಕೇಟ್ ಮಾಡಿಕೊಂಡು ಕೂತಿರ್ತವೆ. ಉಪಕರಣದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಹೊಸ ಸರ್ಟಿಫಿಕೇಟ್ ತಯಾರಿಸಿ.

ಪ್ರೊಸೀಡ್ ಬಟನ್ನೇ ಇಲ್ಲದಿದ್ರೆ ಬ್ರೌಸರ್ ಕೆಟ್ಟಿಲ್ಲ. ಸಾಮಾನ್ಯವಾಗಿ ಎಚ್‌ಎಸ್‌ಟಿಎಸ್, ಅಂದ್ರೆ ಸುರಕ್ಷಿತ ಸಂಪರ್ಕ ಇಲ್ಲದೆ ತೆರೆಯಲೇಬೇಡ ಅನ್ನೋ ನಿಯಮ ಹಾಕಿಕೊಂಡ ಸೈಟು ಅದು. ಬಳಸು ದಾರಿ ಹುಡುಕಬೇಡಿ.

ಎಚ್ಚರಿಕೆಯಲ್ಲಿ ಫೋನ್ ನಂಬರ್ ಇದ್ರೆ, ಸೈರನ್ ಕೂಗ್ತಿದ್ರೆ, ಅದು ಮೋಸ. ಬ್ರೌಸರಿನ ಸರ್ಟಿಫಿಕೇಟ್ ಎಚ್ಚರಿಕೆ ಯಾರಿಗೂ ಕರೆ ಮಾಡಿ ಅನ್ನೋದಿಲ್ಲ. ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ, ಮತ್ತೆ ತೆರೆದಾಗ ಹಳೇ ಟ್ಯಾಬ್‌ಗಳನ್ನ ರೀಸ್ಟೋರ್ ಮಾಡಬೇಡಿ. ಆಮೇಲೆ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ, ಗೊತ್ತಿಲ್ಲದ ಸೈಟುಗಳಿಗೆಲ್ಲ ಕೊಟ್ಟ ಅನುಮತಿ ತೆಗೆದುಹಾಕಿ.